ಕಪ್ಪು ಎರಡು ಅಂದರೆ ಏನು?

ಊರಹಬ್ಬಕ್ಕೆ ಪೌರಾಣಿಕ ನಾಟಕ ಕಟ್ಟುವಾಗ ಡ್ರಾಮಾ ಮೇಷ್ಟ್ರು ಪಾತ್ರಧಾರಿಯನ್ನು ಮೊದಲು ಕೇಳುವುದು, "ನಿನ್ನ ಶ್ರುತಿ ಎಷ್ಟಪ್ಪಾ?" "ಕಪ್ಪು ಎರಡು ಸಾ." ಇಲ್ಲವೇ "ಬಿಳಿ ಒಂದು." ಇದು ಹಾರ್ಮೋನಿಯಂ ಮನೆಗಳ ಲೆಕ್ಕ. ಬಿಳಿ ಒಂದಕ್ಕಿಂತ ಕಪ್ಪು ಎರಡು ಮೂರು ಮನೆ ಎತ್ತರ. ಮೈಕು ಇಲ್ಲದ ಕಾಲದಲ್ಲಿ ಕೊನೇ ಸಾಲಿಗೂ ಕೇಳಬೇಕಲ್ಲ, ಹಾಗಾಗಿ ಎತ್ತರದ ಶ್ರುತಿಗೇ ಬೆಲೆ.

ಈ ಪೆಟ್ಟಿಗೆ ಹುಟ್ಟಿದ್ದು 1840ರ ಸುಮಾರಿಗೆ ಪ್ಯಾರಿಸ್‌ನಲ್ಲಿ. ಕಂಪನಿ ನಾಟಕಗಳ ಜೊತೆ ನಮ್ಮ ಹಳ್ಳಿಗೂ ಬಂತು. 1940ರಿಂದ 1971ರವರೆಗೆ ಆಕಾಶವಾಣಿ ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳ್ಳಿ ನಾಟಕದವರು ಕೈಬಿಡಲಿಲ್ಲ!

ಅದಕ್ಕೂ ಮೊದಲು ಕೋಲಾರದ ಕಡೆ ಇದ್ದದ್ದು ಕೇಳಿಕೆ, ಅಂದರೆ ಬಯಲಾಟ. ಅಲ್ಲಿ ಹಾಡಿಗೆ 'ದರು' ಅನ್ನುತ್ತಾರೆ. ಹಾಡಿಸುವವನು ಭಾಗವತ, ಹಿಂದೆ ನಿಂತವರು ಹಿಮ್ಮೇಳ, ಕುಣಿಯುವವರು ಮುಮ್ಮೇಳ. 'ದರು' ಆಂಧ್ರದ ಯಕ್ಷಗಾನದಲ್ಲೂ ಇದೆ. ಮುಳಬಾಗಿಲು, ಶ್ರೀನಿವಾಸಪುರದಂಥ ಗಡಿಸೀಮೆಯಲ್ಲಿ ತೆಲುಗು ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದವರೂ ಉಂಟು. ಈ ಮಾತು ಯಾರ ಭಾಷೆಯದು ಅಂತ ಜಗಳ ಆಡುವುದು ದಂಡ.

ನನಗೆ ಬಲು ಇಷ್ಟದ್ದು ಕಂದ. ಕಂದಪದ್ಯಕ್ಕೆ ನಾಲ್ಕು ಸಾಲು. ಮಾತ್ರೆ 12, 20, 12, 20. ಬರೆಯುವಾಗ ಇಷ್ಟು ಬಿಗಿ. ರಂಗದ ಮೇಲೆ ಮಾತ್ರ ಅದಕ್ಕೆ ತಾಳವಿಲ್ಲ. ದುರ್ಯೋಧನ ರಾಗವನ್ನು ಎಳೆದೆಳೆದು ಹಾಡುತ್ತಾನೆ, ತಬಲಾದವನು ಕೈಕಟ್ಟಿ ಕಾಯುತ್ತಾನೆ, ಪದ್ಯ ಮುಗಿದು ಹಾಡು ಶುರುವಾದಾಗಲೇ ಪೆಟ್ಟು ಬೀಳುವುದು. ಇಟಲಿಯ ಒಪೆರಾದಲ್ಲೂ ಇಂಥದೇ ಜೋಡಿ: ಮಾತಿನ ಓಟದಲ್ಲಿ ಹಾಡುವ 'ರೆಚಿಟಟಿವೊ', ಆಮೇಲೆ ಪೂರ್ತಿ ಹಾಡು 'ಆರಿಯಾ'. ಆದರೆ ಅಲ್ಲಿ ರೆಚಿಟಟಿವೊ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ಕಂದ ಕಥೆಯನ್ನು ನಿಲ್ಲಿಸಿ ಚಪ್ಪಾಳೆ ಕೇಳುತ್ತದೆ.

ಇನ್ನು 'ಮಟ್ಟು'. ಹಳೇ ನಾಟಕದ ಪುಸ್ತಕ ತೆಗೆದರೆ ಹಾಡಿನ ತಲೆಯ ಮೇಲೆ ರಾಗ, ತಾಳ, ಅದರ ಪಕ್ಕದಲ್ಲಿ ಇನ್ನೊಂದು ಹಾಡಿನ ಹೆಸರು ಇರುತ್ತದೆ. ಆ ಹಾಡಿನ ಧಾಟಿಯಲ್ಲೇ ಇದನ್ನೂ ಹಾಡಿ ಅಂತ ಅರ್ಥ. ಅವತ್ತು ಆ ಹಾಡು ಎಲ್ಲರ ಬಾಯಲ್ಲೂ ಇತ್ತು, ಸ್ವರ ಬರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಇವತ್ತು ಆ ಮೂಲ ಹಾಡೇ ಮರೆತಿದ್ದರೆ ಪುಸ್ತಕದಲ್ಲಿ ಸಾಹಿತ್ಯ ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ನಿಮ್ಮೂರಲ್ಲಿ ಹಳೇ ಪಾತ್ರಧಾರಿ ಇದ್ದರೆ, ಪುಸ್ತಕದ ಫೋಟೋ ತೆಗೆಯುವ ಮೊದಲು ಅವರ ಬಾಯಲ್ಲಿ ಒಂದು ಮಟ್ಟು ಹಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ. ಶ್ರುತಿ ಎಷ್ಟು ಅಂತ ಕೇಳಿ ಅದನ್ನೂ ಬರೆದಿಡಿ.