ಗಿಟಾರಿನ ಹೊಟ್ಟೆಯೊಳಗಿನ ಊರು

ಹಳೆಯ ಗಿಟಾರೊಂದು ಯಾವ ಕಾಲದ್ದೆಂದು ತಿಳಿಯಲು ಅದರ ಮುಖ ನೋಡಿದರೆ ಸಾಲದು, ಹೊಟ್ಟೆಯೊಳಗೆ ಇಣುಕಬೇಕು. ತಂತಿಗಳ ಕೆಳಗಿನ ದುಂಡು ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ, ಹತ್ತೊಂಬತ್ತನೆಯ ಶತಮಾನದ ಮಾರ್ಟಿನ್ ಗಿಟಾರುಗಳಲ್ಲಿ ಒಂದು ಮುದ್ರೆ ಕಾಣುತ್ತದೆ: ತಯಾರಕನ ಹೆಸರು, ಅದರ ಜೊತೆಗೆ 'ನ್ಯೂಯಾರ್ಕ್'. ತಮಾಷೆಯೆಂದರೆ ಅವುಗಳಲ್ಲಿ ಹೆಚ್ಚಿನವು ನ್ಯೂಯಾರ್ಕಿನಲ್ಲಿ ತಯಾರಾದವೇ ಅಲ್ಲ.

ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಮಾರ್ಕ್‌ನ್ಯೂಕಿರ್ಶೆನ್‌ನಲ್ಲಿ. ಅವನ ಮನೆಯವರು ಬಡಗಿಗಳು. ವಿಯೆನ್ನಾದ ಯೋಹಾನ್ ಸ್ಟಾಫರ್ ಬಳಿ ಕೆಲಸ ಕಲಿತು ಊರಿಗೆ ಮರಳಿದಾಗ ಅಲ್ಲೊಂದು ಜಗಳ ನಡೆದಿತ್ತು. ಗಿಟಾರ್ ಮಾಡುವ ಹಕ್ಕು ಬಡಗಿಗಳಿಗಿಲ್ಲ ಎಂಬುದು ಪಿಟೀಲು ತಯಾರಕರ ಸಂಘದ ತಕರಾರು. ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ. ಕೆಲವೇ ವರ್ಷಗಳಲ್ಲಿ ಆ ಶಹರವನ್ನೂ ಬಿಟ್ಟು ಪೆನ್ಸಿಲ್ವೇನಿಯಾದ ನಜರೆತ್ ಎಂಬ ಸಣ್ಣ ಊರಿನ ಕಡೆ ಹೋಗಿ ನೆಲೆಸಿದ. ಆದರೆ ಮಾರಾಟದ ವ್ಯವಹಾರ ನ್ಯೂಯಾರ್ಕಿನಲ್ಲೇ ಇದ್ದುದರಿಂದ ಮುದ್ರೆ ಬದಲಾಗಲಿಲ್ಲ.

ಆ ಮುದ್ರೆಯೇ ಇಂದು ಕಾಲ ಹೇಳುತ್ತದೆ. ಹೆಸರಿನ ಮುಂದೆ 'ಅಂಡ್ ಕಂಪನಿ' ಸೇರಿದ್ದು 1867ರಲ್ಲಿ. ಅದಿಲ್ಲದಿದ್ದರೆ ವಾದ್ಯ ಅದಕ್ಕಿಂತ ಹಳೆಯದು. 1898ರಲ್ಲಿ ನ್ಯೂಯಾರ್ಕ್ ಹೋಗಿ ನಜರೆತ್ ಬಂತು. ಅದೇ ವರ್ಷ ಕ್ರಮಸಂಖ್ಯೆಯೂ ಶುರುವಾಯಿತು, ಒಂದರಿಂದಲ್ಲ, 8000ದಿಂದ. ಅಷ್ಟರವರೆಗೆ ಸುಮಾರು ಅಷ್ಟು ಗಿಟಾರ್ ಮಾಡಿದ್ದೇವೆಂಬುದು ಕಂಪನಿಯ ಅಂದಾಜು. 1944ರ ಕೊನೆಗೆ ಅದು 90149 ಮುಟ್ಟಿತ್ತು.

ಸಂಖ್ಯೆ ಹೇಳಿದ್ದನ್ನು ಮರ ಒಪ್ಪಬೇಕು. ಮುಂಭಾಗದ ತೆಳು ಹಲಗೆಗೆ ಒಳಗಿನಿಂದ ಆಸರೆಪಟ್ಟಿಗಳನ್ನು ಅಂಟಿಸಿರುತ್ತಾರೆ. 1944ರ ಕೊನೆಯವರೆಗೆ ಮಾರ್ಟಿನ್ ಕೆಲಸಗಾರರು ಈ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ಹಗುರ ಮಾಡುತ್ತಿದ್ದರು. ದಪ್ಪ ಉಕ್ಕಿನ ತಂತಿಗಳ ಎಳೆತ ಹೆಚ್ಚಿದ ಮೇಲೆ ಆ ಕೆತ್ತನೆ ನಿಂತಿತು. ಹಿಂಬದಿಯ ಮರವೂ ಸಾಕ್ಷಿ ನುಡಿಯುತ್ತದೆ. 1969ರವರೆಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದ ಕಂಪನಿ, ಅದು ಸಿಗುವುದು ಕಷ್ಟವಾದಾಗ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದು ನಮ್ಮ ಮಲೆನಾಡಿನವರು ಬೀಟೆ ಎನ್ನುವ ಮರ. 1992ರಿಂದ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಹಳೆಯ ಗಿಟಾರನ್ನು ಗಡಿ ದಾಟಿಸಲೂ ಕಾಗದಪತ್ರ ಬೇಕು.

ಬೆಲೆ ಕಟ್ಟುವವರ ನಡೆ ಮೊದಲಿಗೆ ವಿಚಿತ್ರವೆನಿಸಬಹುದು. ಗೀರು ಬಿದ್ದ, ಬೆವರಿಗೆ ಮಾಸಿದ ಹಳೆಯ ವಾರ್ನಿಷ್‌ಗೆ ಅವರು ಹೆಚ್ಚು ಕೊಡುತ್ತಾರೆ. ಅದನ್ನು ಉಜ್ಜಿ ಹೊಸದಾಗಿ ಪಾಲಿಷ್ ಮಾಡಿಸಿದರೆ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಸವೆದ ಫ್ರೆಟ್ ಬದಲಿಸುವುದು ನುಡಿಸುವ ವಾದ್ಯಕ್ಕೆ ಸಹಜವಾದ ಸೇವೆ. ಆದರೆ ವಾರ್ನಿಷ್ ತೆಗೆಯುವುದೆಂದರೆ ಕಡತದ ಹಾಳೆ ಹರಿದಂತೆ. ಆಮೇಲೆ ಯಾವುದು ಮೂಲ, ಯಾವುದು ತಿದ್ದುಪಡಿ ಎಂದು ಹೇಳಲಾಗದು.

ಬೆಲೆ ಮತ್ತು ಮೌಲ್ಯ ಒಂದೇ ಅಲ್ಲ ಎಂಬುದು 2015ರಲ್ಲಿ ತೆರೆಕಂಡ 'ದಿ ಹೇಟ್‌ಫುಲ್ ಏಟ್' ಚಿತ್ರದಿಂದ ಜಗಜ್ಜಾಹೀರಾಯಿತು. ಚಿತ್ರೀಕರಣಕ್ಕೆಂದು ಮಾರ್ಟಿನ್ ಮ್ಯೂಸಿಯಂ 1870ರ ದಶಕದ ಗಿಟಾರೊಂದನ್ನು ಎರವಲು ಕೊಟ್ಟಿತ್ತು. ಒಡೆಯುವ ದೃಶ್ಯಕ್ಕೆ ನಕಲು ಗಿಟಾರುಗಳು ಸಿದ್ಧವಿದ್ದವು. ಆದರೆ ನಟ ಕರ್ಟ್ ರಸೆಲ್ ಕೈಯಲ್ಲಿದ್ದದ್ದು ಅಸಲಿಯದು, ಅದು ಅವನಿಗೆ ಗೊತ್ತಿರಲಿಲ್ಲ. ಅದು ಚೂರುಚೂರಾಯಿತು. ವಿಮೆಯ ಹಣವೇನೋ ಬಂತು, ಗಿಟಾರ್ ಮಾತ್ರ ರಿಪೇರಿಗೂ ದಕ್ಕಲಿಲ್ಲ. ಇನ್ನು ಮುಂದೆ ಯಾವ ಸಿನಿಮಾಕ್ಕೂ ವಾದ್ಯ ಕೊಡುವುದಿಲ್ಲವೆಂದು ಮ್ಯೂಸಿಯಂ ಘೋಷಿಸಿತು.

ಅಟ್ಟದ ಮೇಲೆ ಹಳೆಯ ವಾದ್ಯ ಸಿಕ್ಕವರು ಮೊದಲು ಕೇಳುವುದು 'ಇದಕ್ಕೆಷ್ಟು ಬರುತ್ತೆ?' ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು 'ಇದರಲ್ಲಿ ಏನೇನು ಉಳಿದಿದೆ?' ಎಂದು. ಸುಳ್ಳು ವಿಳಾಸದ ಮುದ್ರೆಯೂ ಅಳಿಸದೆ ಉಳಿದಿದ್ದರೆ, ಮಾಡಿದವನ ಕಾಲವನ್ನು ಸರಿಯಾಗಿಯೇ ಹೇಳುತ್ತದೆ.