ನೀರಿನ ಫ್ಲೋರೈಡ್, ಊಟದ ಕ್ಯಾಲ್ಸಿಯಂ: ದಕ್ಷಿಣ ಭಾರತದ ಫ್ಲೋರೋಸಿಸ್ ಸಂಶೋಧನೆಯ ಒಂದು ಎಳೆ

ಅಮೆರಿಕದಲ್ಲಿ ಫ್ಲೋರೈಡ್ ಮೊದಲಿನಿಂದಲೂ ದಂತವೈದ್ಯರ ವಿಷಯ. ಕೊಲರಾಡೊ ಸ್ಪ್ರಿಂಗ್ಸ್‌ನ ಮಕ್ಕಳ ಹಲ್ಲಿನ ಕಂದು ಕಲೆಯ ಬೆನ್ನು ಹತ್ತಿದ್ದ ಫ್ರೆಡರಿಕ್ ಮೆಕ್‌ಕೇ ಅವರಿಗೆ ಕಾರಣ ಕುಡಿಯುವ ನೀರಿನ ಫ್ಲೋರೈಡ್ ಎಂದು ತಿಳಿದದ್ದು 1931ರಲ್ಲಿ. ಅದೇ ಫ್ಲೋರೈಡ್ ಅಲ್ಪ ಪ್ರಮಾಣದಲ್ಲಿದ್ದರೆ ಹಲ್ಲು ಹುಳುಕಾಗುವುದು ಕಡಿಮೆ ಎಂದು ಟ್ರೆಂಡ್ಲಿ ಡೀನ್ ತೋರಿಸಿದರು. ಲೀಟರಿಗೆ 1 ಮಿಲಿಗ್ರಾಂ ಎಂಬ ಅಳತೆ ಹುಟ್ಟಿದ್ದು ಹಾಗೆ.

ನಮ್ಮ ಕಡೆ ಪ್ರಶ್ನೆಯೇ ಬೇರೆಯಾಗಿತ್ತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಕಂಡದ್ದು ಹಲ್ಲಿನ ಕಲೆಯನ್ನಷ್ಟೇ ಅಲ್ಲ, ಬೆನ್ನುಮೂಳೆ ಸೆಟೆದು ಬಗ್ಗಲಾಗದ ಜನರನ್ನು. 1940ರಲ್ಲಿ ಪಂಡಿತ್, ರಾಘವಾಚಾರಿ ಮೊದಲಾದವರು ಫ್ಲೋರೈಡ್ ಹೆಚ್ಚಾಗಿ ಬರುವ ಈ ರೋಗದ, ಅಂದರೆ ಫ್ಲೋರೋಸಿಸ್‌ನ, ತೀವ್ರತೆಗೂ ಊಟದಲ್ಲಿನ ‘ಸಿ’ ಜೀವಸತ್ವದ ಕೊರತೆಗೂ ನಂಟಿದೆ ಎಂದರು. ನನ್ನ ಮಟ್ಟಿಗೆ ಮುಖ್ಯವಾದದ್ದು ಆ ಜೀವಸತ್ವವಲ್ಲ. ಬಾವಿಯ ನೀರು ಪರೀಕ್ಷಿಸಲು ಹೋದವರು ಅಡುಗೆಮನೆಗೂ ಇಣುಕಿದರು ಎಂಬುದು.

ಈ ಎಳೆ ಗಟ್ಟಿಯಾದದ್ದು 1970ರ ದಶಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಆಂಧ್ರದ ಫ್ಲೋರೈಡ್ ಪ್ರದೇಶದಿಂದ ಹೊಸದೊಂದು ರೂಪವನ್ನು ವರದಿ ಮಾಡಿದರು: ನಿಂತರೆ ಎರಡೂ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ, ಪಾದಗಳು ದೂರ ಸರಿಯುವ ಹುಡುಗರು. ದೊಡ್ಡವರಲ್ಲಿ ಮೂಳೆ ದಪ್ಪಗಾಗುತ್ತಿದ್ದರೆ ಇವರಲ್ಲಿ ಸವೆಯುತ್ತಿತ್ತು. ಅಲ್ಲಿನ ಮುಖ್ಯ ಆಹಾರ ಜೋಳ. ಆ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿದ್ದು, ದೇಹದ ತಾಮ್ರ ಮೂತ್ರದಲ್ಲಿ ಸೋರಿಹೋಗುತ್ತದೆ ಎಂಬ ವಾದ ಬಂತು. ಮೂಳೆಯ ಕೊಲಾಜನ್ ಎಳೆಗಳು ಬಿಗಿಯಾಗಲು ತಾಮ್ರ ಬೇಕೇ ಬೇಕು. 1977ರಲ್ಲಿ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ ಅವರು ಅನ್ನದ ಊಟಕ್ಕಿಂತ ಜೋಳದ ಊಟದಲ್ಲಿ ಫ್ಲೋರೈಡ್ ದೇಹದಲ್ಲಿ ಹೆಚ್ಚು ಉಳಿಯುತ್ತದೆ ಎಂದು ತೋರಿಸಿದರು. ಉತ್ತರ ಕರ್ನಾಟಕದ ಓದುಗರು ಇಷ್ಟಕ್ಕೇ ರೊಟ್ಟಿ ಬಿಡಬೇಕಿಲ್ಲ. ದೋಷ ಧಾನ್ಯದ್ದೆನ್ನುವುದಕ್ಕಿಂತ ನೀರು, ಮಣ್ಣು, ಬಡತನ ಒಟ್ಟಿಗೆ ಕೂಡಿದ್ದರದು.

ಕ್ಯಾಲ್ಸಿಯಂ ವಿಚಾರ ಇನ್ನೂ ಸರಳ. ಕರುಳಿನಲ್ಲಿ ಅದು ಫ್ಲೋರೈಡನ್ನು ಹಿಡಿದು ಸುಲಭವಾಗಿ ಕರಗದ ಲವಣವಾಗಿಸುತ್ತದೆ. ಒಂದಷ್ಟು ಭಾಗ ಮಲದಲ್ಲೇ ಹೋಗುತ್ತದೆ. ಮೀರತ್ತಿನ ತಿಯೋಟಿಯಾ ದಂಪತಿ ದಶಕಗಳ ಕಾಲ ಹೇಳಿದ್ದೂ ಇದನ್ನೇ: ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಕ್ಕಳಲ್ಲಿ ಮೂಳೆಯ ವಿಕಾರ ಹೆಚ್ಚು. 100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಜೋಳದಲ್ಲಿ 25ರಷ್ಟು. ಹಾಗೆಂದು ರಾಗಿಯೇ ಕವಚ ಎನ್ನಲಾಗದು. ಮುದ್ದೆ ಉಣ್ಣುವ ಪಾವಗಡ, ಬಾಗೇಪಲ್ಲಿಗಳ ಮಕ್ಕಳ ಹಲ್ಲಲ್ಲೂ ಕಂದು ಪಟ್ಟೆಗಳಿವೆ. ಶಾಶ್ವತ ಬಾಚಿಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಮೊದಲ ನಾಲ್ಕೈದು ವರ್ಷಗಳಲ್ಲಿ. ಆದ್ದರಿಂದ ಎಂಟರ ಹುಡುಗಿಯ ಹಲ್ಲಲ್ಲಿ ಕಾಣುವ ಕಲೆ ಅವಳು ಶಾಲೆಗೆ ಕಾಲಿಡುವ ಹೊತ್ತಿಗೆಲ್ಲ ಬಿದ್ದಾಗಿರುತ್ತದೆ. ಶಾಲೆಯ ಊಟ ಅದನ್ನು ಅಳಿಸದು. ಮೂಳೆಯ ಮಟ್ಟಿಗೆ ಮಾತ್ರ ಇನ್ನೂ ಸಮಯವಿದೆ.

ಸರ್ಕಾರಿ ಲೆಕ್ಕದಲ್ಲಿ ಉಳಿದುಕೊಂಡದ್ದು ನೀರೊಂದೇ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ದಾರಿ ಇಲ್ಲದಿದ್ದರೆ 1.5. ಬಿಸಿಲಿನ ನಾಡಿನ ಮಗು ಎಷ್ಟು ನೀರು ಕುಡಿಯುತ್ತದೆ, ಏನು ಉಣ್ಣುತ್ತದೆ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಈಗ ಹಳ್ಳಿಹಳ್ಳಿಗೂ ಬಂದಿರುವ ಶುದ್ಧ ನೀರಿನ ಘಟಕಗಳ ಆರ್‌ಒ ಯಂತ್ರ ಫ್ಲೋರೈಡಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ತೆಗೆದುಹಾಕುತ್ತದೆ. ಘಟಕ ಬೇಡವೆಂದಲ್ಲ, ತೆಗೆದದ್ದನ್ನು ಊಟದಲ್ಲಿ ಕೊಡುವ ಲೆಕ್ಕವೂ ಬೇಕು.

ಕರ್ನಾಟಕಕ್ಕೆ ಇಲ್ಲೊಂದು ಅನುಕೂಲವಿದೆ. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು 180 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಕ್ಕಳ ಮೂತ್ರದ ಫ್ಲೋರೈಡನ್ನು ಹಾಲು ಕೊಡುವ ದಿನ, ರಜೆಯ ದಿನ ಅಳೆದು ಹೋಲಿಸಿದರೆ ಒಳ್ಳೆಯ ಅಧ್ಯಯನವಾದೀತು. ಅದಕ್ಕೂ ಮೊದಲು ಒಂದನ್ನು ನೋಡಿಕೊಳ್ಳಬೇಕು: ಅದು ಪುಡಿ ಹಾಲು, ಕದಡುವುದು ಶಾಲೆಯಲ್ಲೇ ಸಿಗುವ ನೀರಿನಲ್ಲಿ. ಆ ನೀರು ಕೊಳವೆಬಾವಿಯದಾದರೆ ಅದರ ಫ್ಲೋರೈಡೂ ಅದೇ ಲೋಟಕ್ಕೆ ಬರುತ್ತದೆ.