ಅಡುಗೆಮನೆಯ ನೀಲಿ ಪಾತ್ರೆ



ನಮ್ಮ ಮೇಟುಪಾಳ್ಯದಿಂದ ಬೆಟ್ಟ ಹತ್ತಿದರೆ ಉದಕಮಂಡಲ. ಅಲ್ಲಿನ ಮಂಜು, ಮೋಡ, ಕೆರೆಗಳನ್ನು ಮೈಸೂರು ಸೀಮೆಯ ಕಲಾವಿದ ಕೆ. ವೆಂಕಟಪ್ಪನವರು 1920ರ ದಶಕದಲ್ಲಿ ಜಲವರ್ಣದಲ್ಲಿ ಚಿತ್ರಿಸಿದರು. ಬೆಟ್ಟದ ಚಿತ್ರವೆಂದರೆ ಎಲ್ಲರೂ ಮೆಚ್ಚುತ್ತೇವೆ. ಅದೇ ನೀರುಬಣ್ಣದಲ್ಲಿ ಅಡುಗೆಮನೆಯ ಪಾತ್ರೆಯೊಂದನ್ನು ಬರೆದರೆ? "ಇದರಲ್ಲಿ ನೋಡುವುದೇನಿದೆ?" ಎನ್ನುತ್ತೇವಲ್ಲವೇ?

ಈ ತಾತ್ಸಾರ ಹಳೆಯದು. 1667ರಲ್ಲಿ ಫ್ರಾನ್ಸಿನ ಕಲಾ ಅಕಾಡೆಮಿಯ ಫೆಲಿಬಿಯಾನ್ ಎಂಬುವರು ಚಿತ್ರಗಳಿಗೆ ಮೇಲುಕೀಳಿನ ಸಾಲು ಹಾಕಿದರು. ಪುರಾಣ, ಇತಿಹಾಸದ ಚಿತ್ರಗಳಿಗೆ ಮೇಲಿನ ಮಣೆ. ಜೀವವಿಲ್ಲದ ವಸ್ತುಗಳ ಚಿತ್ರಕ್ಕೆ ತೀರ ಕೆಳಗಿನ ಸ್ಥಾನ.

ಅದೇ ಫ್ರಾನ್ಸಿನ ದಕ್ಷಿಣದ ಊರಿನವರು ಪಾಲ್ ಸೆಜಾನ್. 1906ರಲ್ಲಿ ತೀರಿಕೊಂಡರು. ಬಾಳಿನ ಕೊನೆಯ ಆರೇಳು ವರ್ಷಗಳಲ್ಲಿ ಅವರು ಬರೆದ ಜಲವರ್ಣವೊಂದು ಇಂದು ಅಮೆರಿಕದ ಲಾಸ್ ಏಂಜಲಿಸ್‌ನ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿದೆ. ಅಗಲ ಸುಮಾರು 63 ಸೆಂಟಿಮೀಟರ್. ಅದರಲ್ಲಿರುವುದು ನೀಲಿ ಎನಾಮಲ್ ಪಾತ್ರೆ, ಬಿಳಿಯ ಹಾಲಿನ ಹೂಜಿ, ಸೇಬುಹಣ್ಣು, ಮೇಜಿನ ಬಟ್ಟೆ. ಅಷ್ಟೇ.

ಇಂಥ ಚಿತ್ರವನ್ನು ನೋಡುವುದು ಹೇಗೆ? ಮೊದಲು ಪೆನ್ಸಿಲಿನ ಗೆರೆಗಳನ್ನು ಗುರುತಿಸಿ. ಅವುಗಳ ಮೇಲೆ ತೆಳುವಾದ ಬಣ್ಣ. ಅದರ ಮೇಲೆ ಇನ್ನೊಂದು ಪದರ. ಎಣ್ಣೆಬಣ್ಣದಲ್ಲಾದರೆ ತಪ್ಪನ್ನು ಬಳಿದು ಮುಚ್ಚಬಹುದು. ನೀರುಬಣ್ಣದಲ್ಲಿ ಅಡಿಯದೆಲ್ಲ ಕಾಣುತ್ತದೆ. ಹೂಜಿಯ ಹೊಳಪು ಬಿಳಿಬಣ್ಣವಲ್ಲ, ಬರಿಯ ಕಾಗದ. ಬೆಳಕು ಬಿದ್ದ ಕಡೆ ಕುಂಚವನ್ನು ತಡೆದು ಹಿಡಿದಿದ್ದಾರೆ. ಎಲ್ಲಿ ಬಣ್ಣ ಹಾಕಬಾರದೆಂದು ತಿಳಿಯಬೇಕಾದರೆ ಆ ಪಾತ್ರೆಯನ್ನು ಬಹಳ ಹೊತ್ತು ನೋಡಿರಬೇಕು.

ಈಗ ನಮ್ಮ ಮನೆಗೆ ಬನ್ನಿ. ಅಟ್ಟದ ಮೇಲೆ ಅಜ್ಜಿಯ ಕಾಲದ ಚೆಂಬೊಂದು ಇರಬಹುದು. ಕನ್ನಡದಲ್ಲೂ ಚೆಂಬು, ತಮಿಳಿನಲ್ಲೂ ಸೆಂಬು. ತಾಮ್ರಕ್ಕೂ ಅದೇ ಹೆಸರು, ಪಾತ್ರೆಗೂ ಅದೇ ಹೆಸರು. ಹಳೇ ಪಾತ್ರೆಯವನು ಬೀದಿಗೆ ಬಂದಾಗ ಅದನ್ನು ತೂಕಕ್ಕೆ ಹಾಕಿ ಸ್ಟೀಲ್ ಡಬ್ಬ ತೆಗೆದುಕೊಳ್ಳುತ್ತೇವೆ. ಅವನ ತಕ್ಕಡಿಯಲ್ಲಿ ಅಜ್ಜಿಯ ಕೈ ಸವೆಸಿದ ಕಂಠಕ್ಕೆ ಬೆಲೆಯಿಲ್ಲ. ವಸ್ತು ಹೋದ ಮನೆಯಲ್ಲಿ ಅದರ ಹೆಸರೂ ಬಹುಕಾಲ ಉಳಿಯುವುದಿಲ್ಲ.

ಆದ್ದರಿಂದ ಒಂದು ಮಾತು. ಈ ಭಾನುವಾರ ಆ ಚೆಂಬನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಕಿಟಕಿಯ ಬಳಿ ಇಡಿ. ಮಕ್ಕಳ ಕೈಗೆ ಶಾಲೆಯ ಬಣ್ಣದ ಪೆಟ್ಟಿಗೆ ಕೊಡಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಅರ್ಧ ಗಂಟೆ ದಿಟ್ಟಿಸಿ ನೋಡಿದ ಮಗು ಅದನ್ನು ಸುಲಭವಾಗಿ ತೂಕಕ್ಕೆ ಹಾಕಲು ಬಿಡದು.